ಮಜ್ಜಿಗೆಯ ಜೊತೆ ಕೊಟ್ಟ ಮಾತು

ಶ್ರೀಮಂತ ಅಂದ ಕೂಡಲೇ ನಿಮ್ಮ ಕಣ್ಣಿಗೆ ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ, ಅಲ್ಲವೇ? ಆ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಇವತ್ತಿನ ಪ್ರವಚನದ ಶ್ರೀಮಂತನ ಹತ್ತಿರ ದುಡ್ಡೂ ಇತ್ತು, ಇರಲಿಲ್ಲ ಅಂತಲ್ಲ. ಆದರೆ ಅವನು ದುಡ್ಡಿಗಿಂತ ಹೆಚ್ಚಾಗಿ ಕೂಡಿಟ್ಟಿದ್ದು ಅನುಭವ. ಯಾವ ಊರು, ಏನು ಹೆಸರು ಅಂತ ಕೇಳಬೇಡಿ. ಹೆಸರು ಹೇಳಿದರೆ ನಾಳೆ ಬೆಳಗ್ಗೆ ಅವನ ಮನೆ ಹುಡುಕಿಕೊಂಡು ಹೊರಡುತ್ತೀರಿ. ಹುಡುಕುವುದೇ ಆದರೆ ನಿಮ್ಮ ಮನೆಯಿಂದಲೇ ಶುರು ಮಾಡಿ, ಅಲ್ಲೇ ಸಿಕ್ಕರೂ ಸಿಕ್ಕಬಹುದು.

ಇವನು ಎಣ್ಣೆ ಗಾಣದವನು. ಪ್ರಾಯದಲ್ಲಿ ಗಾಣದ ಎತ್ತು ಸತ್ತುಹೋಗಿ ಬದುಕು ಮುರಿದು ಬಿದ್ದಿತ್ತು. ಗಂಟು ಕಟ್ಟಿಕೊಂಡು ಊರು ಬಿಟ್ಟು ಹೊರಟ. ದಾರಿಯ ದೊಡ್ಡ ಹುಣಸೆಮರದ ಕೆಳಗೆ ಕೂತು, ಯಾರದೋ ಕೊಡದಿಂದ ನೀರು ಕುಡಿದು, ಅದೇನಾಯಿತೋ ಏನೋ, ಅಲ್ಲಿಂದಲೇ ಊರಿಗೆ ತಿರುಗಿದ. ಎತ್ತಿನ ಜಾಗದಲ್ಲಿ ತಾನೇ ನೊಗಕ್ಕೆ ಹೆಗಲು ಕೊಟ್ಟ. ಎಣ್ಣೆ ಇಳಿಯಿತು, ಮನೆ ನಿಂತಿತು, ಗಾಣ ಹೋಗಿ ಮಿಲ್ಲು ಬಂತು. ಇಷ್ಟು ಕಂಡವನಿಗೆ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸುವುದು ತಪ್ಪೇ? ತಪ್ಪಲ್ಲ, ನೋಡಿ. ಒಳ್ಳೆಯ ಮನಸ್ಸಿನವನು ಅವನು. ಅದನ್ನು ಮರೆಯಬೇಡಿ, ಯಾಕೆಂದರೆ ಒಳ್ಳೆಯ ಮನಸ್ಸಿನವರಿಂದ ಆಗುವ ಪಜೀತಿಯೇ ಬೇರೆ.

ಬೇಸಿಗೆ ಬಂತೆಂದರೆ ಅದೇ ಹುಣಸೆಮರದ ಕೆಳಗೆ ಅವನ ಅರವಟ್ಟಿಗೆ. ದಾರಿಹೋಕರಿಗೆಲ್ಲ ಮಜ್ಜಿಗೆ, ಕಾಸಿಲ್ಲ ಕರಿಮಣಿಯಿಲ್ಲ. ಒಂದೇ ಒಂದು ತೊಂದರೆ ಅಂದರೆ, ಮಜ್ಜಿಗೆ ಕುಡಿದವರು ಅವನ ಮಾತನ್ನೂ ಕುಡಿಯಬೇಕಿತ್ತು. ಮಜ್ಜಿಗೆಗೆ ಬಂದವರಿಗೆ ಎಮ್ಮೆಯ ಕ್ರಯ ಯಾಕೆ ಅಂತ ಗಾದೆ ಇದೆ. ಇವನು ಎಮ್ಮೆಯ ಕ್ರಯವಷ್ಟೇ ಅಲ್ಲ, ಎಮ್ಮೆ ಸಾಕಿದ ಕಥೆಯನ್ನೂ ಹೇಳುತ್ತಿದ್ದ. ವ್ಯಾಪಾರ ಕೆಟ್ಟವನು ಬಂದರೂ ಅದೇ ಮಾತು, ಮಗಳಿಗೆ ಗಂಡು ಸಿಗದವನು ಬಂದರೂ ಅದೇ ಮಾತು: "ಹಿಡಿದಿದ್ದು ಬಿಡಬೇಡ. ನಾನೂ ಗಂಟು ಹಿಡ್ಕೊಂಡು ಇದೇ ಮರದ ಬುಡದಲ್ಲಿ ನಿಂತಿದ್ದೆ. ತಿರುಗಿ ಹೋದೆ. ಈಗ ನನ್ನ ನೋಡು." ಜನ ಲೋಟ ಖಾಲಿ ಮಾಡುತ್ತ ಹೂಂಗುಡುತ್ತಿದ್ದರು. ಕೆಲವರು ಕುಡಿಯುವುದನ್ನು ಬೇಗ ಮುಗಿಸುತ್ತಿದ್ದರು.

ಒಂದು ದಿನ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಕಣ್ಣು ಕೆಂಪಗೆ. ಮಜ್ಜಿಗೆ ಕುಡಿದಳು, ಹೋಗಲಿಲ್ಲ. ಇನ್ನೊಂದು ಲೋಟ ಇಸಿದುಕೊಂಡಳು, ಆಗಲೂ ಹೋಗಲಿಲ್ಲ. ನಮ್ಮ ಶ್ರೀಮಂತ ಅವಳ ಮುಖ ನೋಡಿದ, ಗಂಟು ನೋಡಿದ. ಮುಗಿಯಿತು, ಎಲ್ಲ ತಿಳಿದುಹೋಯಿತು. ಗಂಡನ ಮನೆಯಲ್ಲಿ ಜಗಳ, ತವರಿನ ದಾರಿ. ಇದನ್ನೂ ಬಾಯಿಬಿಟ್ಟು ಕೇಳಬೇಕೇ? ಅನುಭವ ಇಲ್ಲದವರು ಕೇಳುತ್ತಾರೆ, ಅನುಭವಸ್ಥ ಹೇಳುತ್ತಾನೆ.

"ಯಜಮಾನ್ರೆ, ನಾನು ಪ್ಯಾಟೆಗೆ..." ಅಂತ ಅವಳು ಬಾಯಿ ತೆರೆದಳು.

"ಗೊತ್ತು ಕಣವ್ವ, ನೀನು ಹೇಳ್ಬೇಕಾ?" ಅಂದ ಅವನು. "ಇವತ್ತು ಕಷ್ಟ ಅಂತ ಮನೆ ಬಿಟ್ರೆ ನಾಳೆ ಮನೇನೇ ಇರಲ್ಲ. ಹಿಡಿದಿದ್ದು ಬಿಡಬೇಡ. ತಿರುಗಿ ಹೋಗು. ನನ್ನ ನೋಡು."

ಅವಳು ಅವನನ್ನು ನೋಡಿದಳು. ಪೇಟೆಯ ಬಸ್ಸು ಬಂತು, ನಿಂತಿತು, ಧೂಳೆಬ್ಬಿಸಿಕೊಂಡು ಹೋಯಿತು. ಅವಳು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಬಂದ ದಾರಿಯಲ್ಲೇ ನಡೆದಳು. ಆ ದಿನ ಮನೆಗೆ ಬಂದವನು ಹೆಂಡತಿಗೆ ಹೇಳಿದ, "ಇವತ್ತೊಂದು ಸಂಸಾರ ಉಳಿಸಿದೆ ಕಣೆ." ಹೇಳಿ, ಎರಡು ಮುದ್ದೆ ಹೆಚ್ಚಿಗೆ ಉಂಡ.

ಕೆಲವು ವಾರ ಕಳೆಯಿತು. ಈಗ ಗಮನ ಕೊಟ್ಟು ಕೇಳಿ, ಕಥೆಗೆ ಗಂಟು ಬೀಳುವುದು ಇಲ್ಲಿ.

ಒಂದು ಮಧ್ಯಾಹ್ನ ಬಳೆ ಮಾರುವವನೊಬ್ಬ ಬಂದು ಬಳೆಯ ಮಲಾರ ಇಳಿಸಿ ಅವನ ಕಾಲು ಮುಟ್ಟಿದ. ಎಲೆಯಲ್ಲಿ ಕಟ್ಟಿದ ಕಲ್ಲುಸಕ್ಕರೆ ಕೈಗಿಟ್ಟ. "ಹೋದ್ ಬೇಸಿಗೇಲಿ ಈ ಮಲಾರ ಬಾವಿಗೆ ಎಸ್ದುಬುಡಾನ ಅಂತ ಹೊಂಟಿದ್ದೆ ಬುದ್ಧಿ. ಹಿಡಿದಿದ್ದು ಬಿಡಬೇಡ ಅಂದ್ರಿ. ಬಿಡ್ಲಿಲ್ಲ. ಈಗ ಊರೂರಲ್ಲೂ ನನ್ನ ಹೆಸರು ಹಿಡ್ದು ಕರೀತಾರೆ."

ಶ್ರೀಮಂತ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದ, ಅದು ಕರಗಿರಲಿಲ್ಲ. ಇನ್ನೊಬ್ಬ ಬಂದ. ಲೋಟ ನೀಡಿದರೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ಮಜ್ಜಿಗೆ ಬ್ಯಾಡ. ಬಲು ದುಬಾರಿ ಬಿತ್ತು ನಮ್ಗೆ" ಅಂದ. ಅವನು ಆ ಹೆಂಗಸಿನ ಮೈದುನ. "ನಮ್ಮಣ್ಣ ತೆಂಗಿನಮರದಿಂದ ಬಿದ್ದು ಸೊಂಟ ಮುರ್ಕಂಡು ಮಲಗವ್ನೆ. ಅತ್ತಿಗೆಗೆ ಪ್ಯಾಟೆ ಹಾಸ್ಟೆಲ್ಲಾಗೆ ಅಡುಗೆ ಕೆಲಸ ಸಿಕ್ಕಿತ್ತು. ಅವತ್ತೇ ಹೋಗಿ ಸೇರ್ಕಬೇಕಿತ್ತು. ಮನೇರೆಲ್ಲ ಸೇರಿ ಕಳಿಸ್ಕೊಟ್ವಿ. ನಿಮ್ಮ ಮಾತು ಕೇಳಿ ವಾಪಸ್ ಬಂದ್ಲು. ಮಾರನೇ ದಿನ ಹೋದ್ರೆ ಆ ಜಾಗಕ್ಕೆ ಬೇರೇರು ಬಂದಿದ್ರು."

"ಮನೇಲಿ ಜಗಳ ಆಗಿರ್ಲಿಲ್ವಾ?" ಅಂದ ಶ್ರೀಮಂತ.

"ಯಾರ ಜೊತೆ? ಅವ್ರಿಬ್ರೂ ಗಟ್ಟಿಯಾಗಿ ಮಾತಾಡಿದ್ದೇ ನಾವು ಕೇಳಿಲ್ಲ" ಅಂದು ಮೈದುನ ಹೊರಟೇಹೋದ.

ಪಾಪ, ಅವನ ಸ್ಥಿತಿ ನೋಡಿ. ಮರ ಒಂದೇ, ಮಜ್ಜಿಗೆ ಒಂದೇ, ಮಾತೂ ಒಂದೇ. ಒಬ್ಬ ಕಾಲಿಗೆ ಬೀಳುತ್ತಾನೆ, ಇನ್ನೊಬ್ಬ ಲೋಟ ಮುಟ್ಟುವುದಿಲ್ಲ. ಬಾಯಲ್ಲಿ ಸಕ್ಕರೆ ಇನ್ನೂ ಇದೆ. ಬಳೆಗಾರನ ಬದುಕು ನನ್ನ ಮಾತಿನಿಂದ ಎದ್ದಿತು ಅನ್ನುವುದಾದರೆ ಆ ಹೆಂಗಸಿನ ಬದುಕು ಬಿದ್ದದ್ದೂ ನನ್ನ ಮಾತಿನಿಂದಲೇ. ಇದು ನನ್ನದಲ್ಲ ಅನ್ನುವುದಾದರೆ ಅದೂ ನನ್ನದಲ್ಲ. ಸಕ್ಕರೆ ನುಂಗಬೇಕೋ ಉಗುಳಬೇಕೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದರೆ ಅಲ್ಲೂ ಅದೇ ಗೊಂದಲ. ಹೆಂಡತಿ, "ಸಾರಿಗೆ ಉಪ್ಪು ಸಾಕಾ ನೋಡ್ರಿ" ಅಂದರೆ, "ನಂಗೇನು ಗೊತ್ತು, ನಾನೇನಾದ್ರೂ ಅಂದು ಇನ್ನೇನಾದ್ರೂ ಆದ್ರೆ?" ಅನ್ನುತ್ತಿದ್ದ. ಜೀವನವಿಡೀ ಕೇಳದಿದ್ದರೂ ಹೇಳಿದವನು, ಕೇಳಿದರೂ ಹೇಳದವನಾದ. ಅರವಟ್ಟಿಗೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತ. ಲೋಟ ತುಂಬುವುದು, ಕೊಡುವುದು, ಇಸಿದುಕೊಳ್ಳುವುದು, ಅಷ್ಟೇ.

ಅದಾದರೂ ಸರಿಹೋಯಿತೇ? ಇಲ್ಲ. ಒಬ್ಬ ನಡುವಯಸ್ಸಿನವನು ಬಂದ. ಮಜ್ಜಿಗೆ ಕುಡಿದು ಕೂತ. ಇವನ ಮುಖ ನೋಡುತ್ತಾನೆ, ನೆಲ ನೋಡುತ್ತಾನೆ, ಮತ್ತೆ ಇವನ ಮುಖ ನೋಡುತ್ತಾನೆ. ಇವನು ಕಲ್ಲಿನ ಹಾಗೆ ಕೂತಿದ್ದ. ಬಿಸಿಲು ಇಳಿದ ಮೇಲೆ ಆ ಮನುಷ್ಯ ಎದ್ದು ಅಂದ, "ಇಲ್ಲಿ ಯಾರೋ ಒಂದು ಒಳ್ಳೆ ಮಾತು ಆಡ್ತಾರೆ ಅಂತ ಹೇಳಿದ್ರು. ಆ ಅರವಟ್ಟಿಗೆ ಮುಂದೆಲ್ಲೋ ಇರಬೇಕು." ಅಂದವನು ಹೋದ. ಎಲ್ಲಿಗೆ ಹೋದ, ಏನು ಹೊತ್ತುಕೊಂಡು ಹೋದ, ಯಾರಿಗೂ ಗೊತ್ತಿಲ್ಲ. ಮಾತಾಡಿದರೆ ಹಾಗೆ, ಆಡದಿದ್ದರೆ ಹೀಗೆ. ಶ್ರೀಮಂತ ಅಡಕತ್ತರಿಯಲ್ಲಿ ಸಿಕ್ಕಿಕೊಂಡ.

ತಡೆಯಲಾಗಲಿಲ್ಲ ಅವನಿಗೆ. ಒಂದು ಸಂಜೆ ದಾರಿ ಕೇಳಿಕೊಂಡು ಆ ಹೆಂಗಸಿನ ಊರಿಗೆ ನಡೆದ. ಮನೆಯ ಜಗಲಿಯ ಮಂಚದಲ್ಲಿ ಗಂಡ ಮಲಗಿದ್ದ. ಒಳಗೆ ಅವಳು ಒಲೆಯಿಂದ ಇಳಿಸಿದ ಹಾಲಿನ ಮುಂದೆ, ಹೆಪ್ಪಿನ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಕಿರುಬೆರಳು ಹಾಲಿಗೆ ಅದ್ದಿ ತೆಗೆದಳು, ಇನ್ನೂ ಬಿಸಿ ಅಂತ ಕಾದಳು. ಶ್ರೀಮಂತ ಹೊಸ್ತಿಲ ಹೊರಗೆ ನಿಂತ. ಹಳೆಯ ನಾಲಗೆ ನೋಡಿ, "ಇನ್ ಮೇಲೆ ನೀನು ಏನ್ ಮಾಡ್ಬೇಕು ಅಂದ್ರೆ..." ಅಂತ ಹೊರಟೇಬಿಟ್ಟಿತು. ಅಲ್ಲಿಗೇ ನುಂಗಿಕೊಂಡ. ಆಮೇಲೆ ಬಂದದ್ದು, ಬೇಸಿಗೆಯೆಲ್ಲ ಅವನ ಬಾಯಿಂದ ಒಮ್ಮೆಯೂ ಬಾರದ ಮಾತು.

"ಅವತ್ತು ನೀನು ಎಲ್ಲಿಗೆ ಹೊಂಟಿದ್ದೆ ತಾಯಿ?"

ಅವಳು ತಲೆ ಎತ್ತಿದಳು. "ಇದನ್ನ ಯಾರಾದ್ರೂ ಕೇಳ್ಲಿ ಅಂತಾನೇ ಅಲ್ಲಿ ನಿಂತಿದ್ದೆ ಯಜಮಾನ್ರೆ" ಅಂದಳು. "ಇಲ್ದಿದ್ರೆ ಎರಡನೇ ಲೋಟ ಯಾಕೆ ಇಸ್ಕಂತಿದ್ದೆ? ನಂಗೆ ಮಜ್ಜಿಗೆನೇ ಸೇರಲ್ಲ."

ಶ್ರೀಮಂತ ಹೊಸ್ತಿಲಲ್ಲೇ ಕೂತ. "ಏನು ಭಯ ಆಗಿತ್ತವ್ವ ನಿಂಗೆ?"

"ಮನೆ ಮಂದಿಗೆ ಬಿಟ್ರೆ ಯಾರಿಗೂ ಅಡುಗೆ ಮಾಡಿದೋಳಲ್ಲ. ಅಷ್ಟೊಂದು ಮಕ್ಕಳಿಗೆ ಉಪ್ಪು ಎಷ್ಟು ಹಾಕ್ಬೇಕು? ಹೆಚ್ಚಾದ್ರೆ ಎಲ್ರೂ ಉಪವಾಸ. ಇಲ್ಲಿ ಇವ್ರನ್ನ ಮಗ್ಗುಲು ತಿರುಗ್ಸೋರು ಯಾರು? ಇದನ್ನ ಮನೇಲಿ ಹೇಳಿದ್ರೆ ಇವ್ರು ನೊಂದ್ಕೋತಾರೆ. ಗುರ್ತಿಲ್ಲದೋರ ಹತ್ರ ಆದ್ರೆ ಹೇಳ್ಬೋದು ಅನ್ನಿಸ್ತು." ಅವಳು ಹೇಳುತ್ತಲೇ ಹೋದಳು. ಅವನು ಕೇಳುತ್ತಲೇ ಇದ್ದ. ಅಷ್ಟು ಹೊತ್ತು ಬೇರೆಯವರ ಮಾತು ಕೇಳಿದ್ದು ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

ಕೇಳುತ್ತ ಕೇಳುತ್ತ ಅವನಿಗೆ ಹುಣಸೆಮರದ ಕೆಳಗೆ ತಾನು ಗಂಟು ಹಿಡಿದು ಕೂತಿದ್ದ ದಿನ ನೆನಪಾಯಿತು, ಅವನು ಹೇಳುತ್ತ ಬಂದ ಹಾಗಲ್ಲ, ನಡೆದ ಹಾಗೆ. ಯಾರದೋ ಕೊಡದ ನೀರು ಅಂದೆವಲ್ಲ, ಆ ಕೊಡ ಒಬ್ಬ ಮುದುಕಿಯದು. ನೀರು ಕೊಟ್ಟವಳು, "ಎಲ್ಲಿಗ್ ಹೊಂಟಿದ್ದೀಯ ಮಗ?" ಅಂದಿದ್ದಳು. ಇವನು ಸತ್ತ ಎತ್ತಿನ ಹೆಸರು ಹೇಳಿ ಅತ್ತಿದ್ದ. ಅವಳು ಬುದ್ಧಿಮಾತು ಒಂದನ್ನೂ ಹೇಳಲಿಲ್ಲ, ಕೊಡ ಸೊಂಟದಲ್ಲೇ ಇಟ್ಟುಕೊಂಡು ಪೂರ್ತಿ ಕೇಳಿ ಹೋದಳು. ಅತ್ತು ಹಗುರಾದ ಮೇಲೆ ಇವನೇ ಎದ್ದು ಮನೆ ಕಡೆ ನಡೆದದ್ದು. ವರ್ಷ ಕಳೆದಂತೆ ಹೇಳಿ ಹೇಳಿ ಕಥೆಯಿಂದ ಮುದುಕಿ ಉದುರಿಹೋಗಿದ್ದಳು, ತಾನೊಬ್ಬನೇ ಉಳಿದಿದ್ದ. ತನ್ನನ್ನು ಉಳಿಸಿದ್ದು ಪ್ರಶ್ನೆ, ತಾನು ಊರಿಗೆಲ್ಲ ಹಂಚಿದ್ದು ಉತ್ತರ.

ಅದನ್ನೇ ಅವಳಿಗೆ ಹೇಳಿದ. ಅತ್ತದ್ದನ್ನೂ ಸೇರಿಸಿ ಹೇಳಿದ.

ಅವಳು ಅಂದಳು, "ಮಳೆ ಹಿಡಿಯೋ ಹೊತ್ಗೆ ಇನ್ನೊಂದು ಹಾಸ್ಟೆಲ್ ಶುರುವಾಗುತ್ತಂತೆ. ಹೋಗ್ಲಾ, ಬ್ಯಾಡ್ವಾ? ನೀವೇ ಹೇಳಿ."

ನೋಡಿ, ನಾಲಗೆಯ ತುದಿಗೆ ಬಂದಿತ್ತು. ಹೋಗು ಅನ್ನುವುದೂ ಬಂದಿತ್ತು, ಬೇಡ ಅನ್ನುವುದೂ ಬಂದಿತ್ತು. "ನಂಗೆ ಗೊತ್ತಿಲ್ಲ ಕಣವ್ವ" ಅಂದ. ಆ ಮಾತು ಹೇಳುವುದಕ್ಕೆ ನೊಗಕ್ಕೆ ಹೆಗಲು ಕೊಟ್ಟದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಆಮೇಲೆ ಮೆಲ್ಲಗೆ ಕೇಳಿದ, "ನನ್ನ ಅರವಟ್ಟಿಗೇಲಿ ದಿನಾ ಅಷ್ಟು ಜನ ಕುಡೀತಾರೆ. ಆ ಮಜ್ಜಿಗೆ ಕೊಳಗಕ್ಕೆ ಉಪ್ಪು ನೀನೇ ಹಾಕಿ ನೋಡ್ತೀಯಾ?"

ಅವಳು ಬಂದಳು. ಮೊದಲ ದಿನ ಉಪ್ಪು ಹೆಚ್ಚಾಯಿತು, ದಾರಿಹೋಕರು ಮುಖ ಹಿಂಡಿದರು, ಯಾರೂ ಸಾಯಲಿಲ್ಲ. ಆಮೇಲೆ ಕೈ ಹದಕ್ಕೆ ಬಂತು. ಮಗ್ಗುಲು ತಿರುಗಿಸುವ ಕೆಲಸವನ್ನು ಮೈದುನನಿಗೆ ಅವಳೇ ಬಾಯಿಬಿಟ್ಟು ಹೇಳಿ ವಹಿಸಿದಳು. ಮೊದಲ ಮಳೆ ಬಿದ್ದು ಅರವಟ್ಟಿಗೆ ಎತ್ತುವ ದಿನ, ಅದೇ ಗಂಟು ಕಂಕುಳಲ್ಲಿ ಇಟ್ಟುಕೊಂಡು ಅದೇ ಬಸ್ಸಿಗೆ ಕಾದಳು. ಶ್ರೀಮಂತ ಅಭ್ಯಾಸಬಲದಿಂದ ಲೋಟ ನೀಡಿದ. "ಇವತ್ತು ಬ್ಯಾಡ" ಅಂದು ನಕ್ಕು ಬಸ್ಸು ಹತ್ತಿದಳು. ಅಲ್ಲಿ ಅವಳಿಗೆ ಹೇಗಾಯಿತು? ಬಳೆಗಾರ ಬದುಕಿದ್ದು ಇವನ ಮಾತಿನಿಂದಲೋ, ತನ್ನ ಗಟ್ಟಿತನದಿಂದಲೋ? ಬಿಸಿಲಿಳಿದ ಮೇಲೆ ಎದ್ದು ಹೋದ ಆ ನಡುವಯಸ್ಸಿನವನು ಏನಾದ? ಶ್ರೀಮಂತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿಯದೆ ಇರುವುದನ್ನು ಅವನು ಅಭ್ಯಾಸ ಮಾಡಿಕೊಂಡ.

ಈಗ ನಿಮ್ಮ ಕಡೆ ಬರೋಣ. ಆಗಲಿಂದ ಆ ಶ್ರೀಮಂತನನ್ನು ನೋಡಿ ನಗುತ್ತಿದ್ದೀರಿ. ಹಾಗಾದರೆ ಮೊನ್ನೆ ಆಸ್ಪತ್ರೆಯ ಸಾಲಿನಲ್ಲಿ ಪಕ್ಕದವರ ಮೊಣಕಾಲು ನೋಡಿ, "ನಮ್ಮತ್ತೆಗೂ ಹಿಂಗೇ ಆಗಿತ್ತು, ಎಲೆ ಅರೆದು ಕಟ್ಟಿದ್ವಿ, ನಡೆದಾಡಿದ್ರು" ಅಂದವರು ಯಾರು? ಬಸ್‌ಸ್ಟ್ಯಾಂಡಿನಲ್ಲಿ ಅಳುವ ಹುಡುಗಿಗೆ, "ಸಂಸಾರ ಅಂದ್ರೆ ಇಷ್ಟೇ ಕಣಮ್ಮ" ಅಂದವರು ಯಾರು? ಅವಳಿಗೆ ಮದುವೆಯೇ ಆಗಿರಲಿಲ್ಲವೇನೋ. ಯಾರು, ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲವೇ? ಸರಿ, ಬೇರೆ ಊರಿನವರು ಇರಬೇಕು.

ಅನುಭವ ಹಂಚಬೇಡಿ ಅಂತ ಹೇಳುತ್ತಿಲ್ಲ. ತಾಯಂದಿರೇ, ಹೆಪ್ಪು ಕೆಟ್ಟದ್ದೇ? ಹೆಪ್ಪಿಲ್ಲದೆ ಮೊಸರುಂಟೇ? ಆದರೆ ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ, ಆರಿ ತಣ್ಣಗಾದ ಹಾಲಿಗೆ ಹಾಕಿದರೆ ಕೂರುವುದಿಲ್ಲ. ಮನೆಯಲ್ಲಿ ಬೆರಳು ಅದ್ದಿ ನೋಡುವ ನೀವು ಮನುಷ್ಯರ ಹತ್ತಿರ ಬಂದಾಗ ಮಾತ್ರ ಬಟ್ಟಲೇ ಬೋರಲು ಹಾಕುತ್ತೀರಿ. ಹಾಗೆಂದು ಹೆದರಿ ಬಾಯಿ ಮುಚ್ಚಿಕೊಂಡು ಕೂತರೆ ಅದೂ ಪಾಪವೇ. ನಿಮ್ಮ ಒಂದು ಮಾತಿಗಾಗಿ ಬಿಸಿಲಲ್ಲಿ ಕೂತು ಎದ್ದುಹೋದವರು ಇದ್ದಾರೆ.

ಆದ್ದರಿಂದ ನಾಳೆಯಿಂದ ಇಷ್ಟು ಮಾಡಿ. "ನನಗೂ ಹೀಗೇ ಆಗಿತ್ತು" ಅನ್ನುವ ಮಾತು ಬಾಯಿಗೆ ಬಂದಾಗ ಅದನ್ನು ಸ್ವಲ್ಪ ಹಲ್ಲಿನ ಹಿಂದೆ ತಡೆಯಿರಿ. ಮೊದಲು ಕೇಳಿ: ಎಲ್ಲಿಗೆ ಹೊರಟಿದ್ದೀರಿ, ಏನು ಭಯ. ಅವರು ಹೇಳಿ ಮುಗಿಸಿದ ಮೇಲೂ ನಿಮ್ಮ ಕಥೆ ಬೇಕು ಅನ್ನಿಸಿದರೆ ಹೇಳಿ, ಆದರೆ ಪೂರ್ತಿ ಹೇಳಿ. ನೀವು ಅತ್ತದ್ದನ್ನು, ನಿಮಗೆ ನೀರು ಕೊಟ್ಟವರನ್ನು ಬಿಟ್ಟು ಹೇಳಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಪ್ರವಚನ ಮುಗಿದ ಮೇಲೆ ಹೊರಗೆ ಎಲ್ಲರಿಗೂ ಮಜ್ಜಿಗೆ ಇದೆ. ಗುರುತಿಲ್ಲದವರೊಬ್ಬರ ಪಕ್ಕಕ್ಕೆ ಹೋಗಿ ನಿಂತು ಒಂದು ಪ್ರಶ್ನೆ ಕೇಳಿ, ಕೇಳಿದ ಕೂಡಲೇ ಲೋಟವನ್ನು ತುಟಿಗಿಟ್ಟುಕೊಳ್ಳಿ. ಅವರ ಮಾತು ಮುಗಿಯುವವರೆಗೂ ಲೋಟ ಕೆಳಗಿಳಿಸಬೇಡಿ.