ಲೆಕ್ಕದ ಮೇಡಂ ಒತ್ತಿದ ಬಟನ್ನು

ಬಾಗಿಲು ಹಾಕಿ ಬನ್ನಿ, ಹೇಳ್ತೀನಿ. ಮಧ್ಯದಲ್ಲಿ ಯಾರೂ ನಗಬಾರದು. ನಾನು ದೆವ್ವ ಗಿವ್ವ ಅಂತ ಹೆದರೋಳಲ್ಲ. ಇಪ್ಪತ್ತೆರಡು ವರ್ಷ ಜೆರಾಕ್ಸ್ ಅಂಗಡಿ ನಡೆಸಿದೀನಿ. ಪರೀಕ್ಷೆ ಹಿಂದಿನ ದಿನ ನೋಟ್ಸ್ ಹಿಡ್ಕೊಂಡು ಓಡಿ ಬರೋ ಹುಡುಗರ ಮುಖ ನೋಡಿದೋಳಿಗೆ ಯಾವ ದೆವ್ವ ಲೆಕ್ಕ? ಆದರೆ ಇದು ನಡೆದದ್ದು. ನಮ್ಮ ಚಿಕ್ಕಪ್ಪನ ಮಗನಿಗೆ. ಪಕ್ಕದಲ್ಲಿ ನಾನೇ ಇದ್ದೆ.

ಅವತ್ತು ಅಂಗಡಿ ಮುಚ್ಚೋ ಹೊತ್ತಿಗೆ ಹನ್ನೊಂದೂವರೆ. ನನ್ನ ಪ್ರಿಂಟರ್ ಕೈಕೊಟ್ಟಿತ್ತು, ಇವನು ಅದನ್ನ ಬಿಚ್ಚಿಕೊಂಡು ಕೂತಿದ್ದ. ಅರ್ಧ ಗಂಟೆ ಕೆಲಸಕ್ಕೆ ನಾಲ್ಕು ಗಂಟೆ ತಗೊಂಡ. ಮನೆಗೆ ಹೋಗೋಕೆ ಮನಸ್ಸಿಲ್ಲ ಅಂತ ನನಗೆ ಗೊತ್ತಾಗಿ ನಾನೂ ಸುಮ್ಮನಿದ್ದೆ. ಕೊನೆಗೆ ಷಟರ್ ಎಳೆದು ಇಬ್ಬರೂ ಹೊರಟ್ವಿ. ದಾರೀಲಿ ಒಂದು ಬಾವಿ. ದೆವ್ವದ ಕತೆ ಅಂದಮೇಲೆ ಬಾವಿ ಇರಲಿ ಅಂತ ಸೇರಿಸ್ತಿಲ್ಲ, ನಿಜವಾಗ್ಲೂ ಇತ್ತು. ಪಾಪ, ಅದರದ್ದೇನೂ ತಪ್ಪಿಲ್ಲ. ಮೇಲೆ ಕಬ್ಬಿಣದ ಜಾಲರಿ, ಒಳಗೆ ಖಾಲಿ ಬಾಟಲಿಗಳು. ಅದರ ಹತ್ತಿರ ಬಂದಾಗ ಇವನು ನಿಂತ.

"ಅಕ್ಕ... ಕೇಳಿಸ್ತಾ?"

"ಏನೋ?"

"ಟಿಣ್ ಅಂತು."

"ಇಲ್ಲಪ್ಪ. ನಡಿ."

ಸುಳ್ಳು ಹೇಳಿದೆ. ನನಗೂ ಕೇಳಿಸಿತ್ತು. ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ... ಒಂದೇ ಸಲ. ಟಿಣ್. ಅದು ಎಲ್ಲಿಯ ಸದ್ದು ಅಂತ ಇಬ್ಬರಿಗೂ ಗೊತ್ತು. ಅದು ಅವನ ಹೆಂಡತಿಯ ಕಂಪ್ಯೂಟರಿನ ಸದ್ದು. ಕಂಪ್ಯೂಟರ್ ಇದ್ದದ್ದು ಅವನ ಮನೇಲಿ, ಎರಡು ಬೀದಿ ಆಚೆ. ಹೆಂಡತಿ ತೀರಿಹೋಗಿ ಇಪ್ಪತ್ತಮೂರು ದಿನ ಆಗಿತ್ತು.

ಸ್ವಲ್ಪ ಹಿಂದಿನದು ಹೇಳಬೇಕು, ಇಲ್ಲದಿದ್ರೆ ತಲೆಬುಡ ತಿಳಿಯಲ್ಲ.

ಇವನನ್ನ ಎಲ್ಲರೂ ಪೆಂಗ್ವಿನ್ ಅಂತಾನೇ ಕರೆಯೋದು. ಲಿನಕ್ಸ್ ಅಂತ ಒಂದಿದೆ ನೋಡಿ, ಕಂಪ್ಯೂಟರ್ ನಡೆಸೋದು. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಬಿಟ್ಟಿ. ಅದರ ಗುರುತು ಪೆಂಗ್ವಿನ್ನು. ಇವನಿಗೆ ಅದೇ ಊಟ, ಅದೇ ನಿದ್ದೆ. ಕಂಪನಿಯವರೇ ಕೈಬಿಟ್ಟ ಪ್ರಿಂಟರು, ಸ್ಕ್ಯಾನರು ಇವನ ರಿಪೇರಿ ಅಂಗಡೀಲಿ ಎದ್ದು ಕೂರ್ತಿದ್ದವು. ಹೆಂಡತಿ ಹೈಸ್ಕೂಲಲ್ಲಿ ಗಣಿತದ ಟೀಚರ್. ಬೀದಿಗೆಲ್ಲಾ ಲೆಕ್ಕದ ಮೇಡಂ. "ಅತ್ತಿಗೆ, ಇವರು ಊರಿನ ಮಿಷನ್ನಿಗೆಲ್ಲಾ ಜೀವ ಕೊಡ್ತಾರೆ. ನಮ್ಮನೆ ಬಚ್ಚಲಿನ ಬಲ್ಬು ಹೋಗಿ ತಿಂಗಳಾಯ್ತು," ಅಂತ ಅವನೆದುರೇ ನನಗೆ ಹೇಳೋಳು. ಅವನು ತಲೆ ಕೆರ್ಕೊಂಡು ನಗೋನು. ಅಷ್ಟು ಚೆನ್ನಾಗಿದ್ರು ಕಣ್ರೀ ಇಬ್ಬರೂ.

ಆಮೇಲೆ ಅವಳಿಗೆ ನರದ ಕಾಯಿಲೆ ಬಂತು. ಮೊದಲು ಕೈಯಿಂದ ಸೀಮೆಸುಣ್ಣ ಜಾರ್ತು. ಆಮೇಲೆ ಕಾಲು ಹೋಯ್ತು. ಎರಡು ವರ್ಷಕ್ಕೆ ಮಾತೂ ನಿಂತ್ಹೋಯ್ತು. ತಲೆ ಮಾತ್ರ ಮೊದಲಿನ ಹಾಗೇ ಚುರುಕು. ಕೊನೆಗೆ ಅವಳಿಗೆ ಉಳಿದದ್ದು ಕಣ್ಣಿನ ರೆಪ್ಪೆ, ಬಲಗೈ ಹೆಬ್ಬೆರಳು.

ಅಂಥವರಿಗೆ ಅಂತಲೇ ಒಂದು ಬಟನ್ ಬರುತ್ತೆ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಬೆರಳು ಸುಮ್ಮನೆ ತಾಗಿದ್ರೆ ಸಾಕು, ಅದೇನೂ ಸದ್ದು ಮಾಡಲ್ಲ. ಜೊತೆಗೆ ಕೊಟ್ಟ ಡಿಸ್ಕಿನಲ್ಲಿ ಕನ್ನಡ ಇರಲಿಲ್ಲ, ಇವನ ಲಿನಕ್ಸಿಗೆ ಅದು ಹೊಂದ್ತಾನೂ ಇರಲಿಲ್ಲ. ಇವನು ಬಿಡ್ತಾನಾ? ಹದಿನೇಳು ರಾತ್ರಿ ಕೂತು ತಾನೇ ಬರೆದ. ಪರದೆ ಮೇಲೆ ಕನ್ನಡ ವರ್ಣಮಾಲೆ. ಒಂದೊಂದೇ ಸಾಲು ಬೆಳಗ್ತಾ ಹೋಗುತ್ತೆ. ಬೇಕಾದ ಸಾಲು ಬಂದಾಗ ಒತ್ತಬೇಕು. ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದೇ ಬೆಳಗುತ್ತವೆ, ಮತ್ತೆ ಒತ್ತಬೇಕು. ಆಮೇಲೆ ಗುಣಿತ, ಬೇಡದಿದ್ರೆ ಒತ್ತದೆ ಬಿಟ್ಟರಾಯ್ತು. ಒತ್ತಿದ್ದು ಕಂಪ್ಯೂಟರಿಗೆ ತಿಳೀತು ಅನ್ನೋದಕ್ಕೆ ಒಂದು ಸದ್ದು ಇಟ್ಟಿದ್ದ. ಅದೇ ಟಿಣ್.

ಅವಳು ಮೊದಲು ಬರೆದದ್ದು ಏನು ಗೊತ್ತಾ? "ಬಲ್ಬು." ಆರು ನಿಮಿಷ ಹಿಡೀತು. ಇವನು ಬಿದ್ದು ಬಿದ್ದು ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ಅತ್ತ. ಬಲ್ಬನ್ನೂ ಹಾಕಿದ. ಎರಡು ತಿಂಗಳು ಹೀಗೇ ನಡೀತು. ಲೆಕ್ಕದವಳಲ್ವಾ, ಒಂದು ಪದದಲ್ಲಿ ಆಗೋದಕ್ಕೆ ಎರಡು ಖರ್ಚು ಮಾಡ್ತಿರಲಿಲ್ಲ. ನಾನು ಹೋಗಿ ಒಂದು ಗಂಟೆ ವಟವಟ ಅಂದ್ರೆ, ಟಿಣ್... ಟಿಣ್... ಅಂತ ಕೂತು "ಸಾಕು" ಅಂತ ಬರೆಯೋಳು. ಕಣ್ಣಲ್ಲಿ ನಗು.

ಒಂದು ದಿನ ಟಿಣ್ ನಿಂತ್ಹೋಯ್ತು.

ಡಾಕ್ಟರು ಅದೇ ವಾರ ಹೇಳಿದ್ರು, ಹೆಬ್ಬೆರಳು ಇನ್ನು ಯಾವ ದಿನ ಬೇಕಾದ್ರೂ ಹೋಗಬಹುದು ಅಂತ. ಹೋಯ್ತು ಅಂದ್ಕೊಂಡ್ವಿ. ಇವನು ಅವಳ ಪಕ್ಕ ಕೂತು ಕೇಳಿದ, "ಒತ್ತಿದ್ಯೇನೇ?"

ಅವಳು ರೆಪ್ಪೆ ಮುಚ್ಚಿ ತೆರೆದಳು. ಹೌದು ಅಂತ.

ಕಂಪ್ಯೂಟರಿನಲ್ಲಿ ಬಂದಿದ್ದು ಹೋಗಿದ್ದೆಲ್ಲಾ ಬರೆದಿಟ್ಟಿರುತ್ತಲ್ಲ, ಅದನ್ನ ತೆಗೆದು ನೋಡಿದ. ಒತ್ತಿದ್ದು ಒಂದೂ ಇಲ್ಲ. "ಇಲ್ಲ ಕಣೇ. ಬಂದಿಲ್ಲ. ನಿನಗೆ ಒತ್ತಿದ ಹಾಗೆ ಅನ್ನಿಸ್ತಿದೆ ಅಷ್ಟೆ."

ಮತ್ತೆ ರೆಪ್ಪೆ ಮುಚ್ಚಿ ತೆರೆದಳು. ಮತ್ತೆ. ಮತ್ತೆ.

"ಆಯ್ತು, ಆಯ್ತು," ಅಂತ ತಲೆ ಸವರಿದ. "ದಣೀಬೇಡ. ಬಿಡು."

ಒಂಬತ್ತು ದಿನ ಅವಳು ಅವನನ್ನೇ ನೋಡ್ತಾ ಮಲಗಿದ್ದಳು. ಹತ್ತನೇ ದಿನ ಎದೇಲಿ ಕಫ ಕಟ್ಟಿ, ಉಸಿರಾಡೋಕೆ ಆಗದೆ ಹೋಗಿಬಿಟ್ಟಳು. ಅವತ್ತಿನಿಂದ ಇವನಿಗೆ ಒಂದೇ ಕೊರಗು. ಊಟ ಬಿಟ್ಟ, ಗಡ್ಡ ಬಿಟ್ಟ. ಕೇಳಿದ್ರೆ ಅದೇ ಮಾತು: "ಏನೋ ಹೇಳಬೇಕು ಅಂತಿದ್ದಳು ಅಕ್ಕ. ಏನದು? ಅದೊಂದು ಗೊತ್ತಾಗಬೇಕಿತ್ತು."

ಈಗ ಬಾವಿ ಹತ್ತಿರಕ್ಕೆ ಬನ್ನಿ. ಅವತ್ತು ಅವನೊಬ್ಬನನ್ನೇ ಕಳಿಸೋಕೆ ನನಗೆ ಧೈರ್ಯ ಬರಲಿಲ್ಲ, ಜೊತೆಗೇ ಹೋದೆ. ಬೀಗ ತೆಗೆದ... ಕಟಕ್. ಒಳಗೆ ಕತ್ತಲೆ. ಅವಳ ಕೋಣೆ ಬಾಗಿಲ ಕೆಳಗೆ ಮಾತ್ರ ನೀಲಿ ಬೆಳಕು. ಆ ಕಂಪ್ಯೂಟರನ್ನ ಅವನು ಒಂದು ದಿನವೂ ಆರಿಸಿರಲಿಲ್ಲ.

ಟಿಣ್.

ಈ ಸಲ ಸುಳ್ಳು ಹೇಳೋಕೆ ಆಗಲಿಲ್ಲ. ಅವನ ತೋಳು ಹಿಡ್ಕೊಂಡೆ.

"ಬಟನ್ ಹಾಕಿದೀಯಾ ಅದಕ್ಕೆ?" ಪಿಸುಗುಟ್ಟಿದೆ.

"ಇಲ್ಲಕ್ಕ. ಅವತ್ತೇ ತೆಗೆದೆ. ಔಷಧಿ ಡಬ್ಬೀಲಿದೆ."

"ಮತ್ತೆ?"

"ವೈರ್ ಹಾಕೋ ತೂತು ಲೂಸಾಗಿರಬೇಕು." ನೋಡಿ, ಆಗಲೂ ರಿಪೇರಿ ಬುದ್ಧಿ.

ಒಳಗೆ ಹೋದ್ವಿ. ಖಾಲಿ ಮಂಚ. ಪರದೆ ಮೇಲೆ ಸಾಲುಗಳು ಒಂದಾದ ಮೇಲೊಂದು ಬೆಳಗ್ತಾ ಇದ್ವು, ಯಾರೋ ಒತ್ತಲಿ ಅಂತ ಕಾಯೋ ಹಾಗೆ. ಇವನು ಔಷಧಿ ಡಬ್ಬಿಯಿಂದ ಬಟನ್ ತೆಗೆದು, ಸುತ್ತಿದ ವೈರ್ ಬಿಡಿಸಿ, ಕಂಪ್ಯೂಟರಿಗೆ ಚುಚ್ಚಿದ. ತೂತು ಸರಿಯಿದೆಯಾ ಅಂತ ನೋಡೋಕೆ ತಾನೇ ಒತ್ತಿದ.

ಸದ್ದಿಲ್ಲ.

ಗಟ್ಟಿಯಾಗಿ ಒತ್ತಿದ. ಸದ್ದಿಲ್ಲ. ಹತ್ತು ಸಲ ಒತ್ತಿದ. ಸಾಲುಗಳು ತಮ್ಮ ಪಾಡಿಗೆ ಬೆಳಗ್ತಾನೇ ಹೋದ್ವು.

"ಅಕ್ಕ..." ಅಂದ. "ನಾನು ಒತ್ತುತಾ ಇದೀನಿ."

"ಹ್ಞೂಂ."

"ನಾನು ಒತ್ತಿದ್ರೂ ಬರ್ತಿಲ್ಲ ಅಕ್ಕ."

ನನಗೆ ಆಗ ಅರ್ಥ ಆಗಲಿಲ್ಲ. ಅವನಿಗೆ ಆಯ್ತು. ಕೀಬೋರ್ಡ್ ಎಳ್ಕೊಂಡು ಪಟಪಟ ಅಂತ ಏನೇನೋ ಬಡಿದು ಒಂದು ಫೈಲು ತೆಗೆದ. ಅದರಲ್ಲಿ ಒಂದು ಸಾಲು. ಅದರ ಮೇಲೆ ಅವನೇ ಕನ್ನಡದಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿ: "ನಾಳೆ ತೆಗೀಬೇಕು." ಪಕ್ಕದಲ್ಲಿ ತಾರೀಕು. ಟಿಣ್ ನಿಂತ ಹಿಂದಿನ ರಾತ್ರಿಯದು.

ಆದದ್ದು ಇಷ್ಟು. ಔಷಧಿ ಅಂಗಡಿಯವರು ರಿಪೇರಿಗೆ ಒಂದು ಮಿಷನ್ ಕೊಟ್ಟಿದ್ರು. ಡಬ್ಬಿ ಮೇಲಿನ ಗೆರೆ ಓದಿ ಪೀಂ ಅನ್ನುತ್ತಲ್ಲ, ಅದು. ಅವಳನ್ನ ಬಿಟ್ಟು ತನ್ನ ಅಂಗಡಿಗೆ ಹೋಗೋಕಾಗದೆ, ರಾತ್ರಿ ಅವಳ ಪಕ್ಕದಲ್ಲೇ ಕೂತು, ಅವಳ ಕಂಪ್ಯೂಟರಿಗೇ ಅದನ್ನ ಹಾಕಿ ನೋಡಿದ್ದ. ಅದು ತನ್ನಷ್ಟಕ್ಕೆ ತಾನೇ ಅಂಕಿ ಕಾರ್ತಿತ್ತಂತೆ, ಅವಳ ಅಕ್ಷರದ ಮಧ್ಯ ಎಲ್ಲಾ ತೂರಿ ಬರ್ತಿತ್ತಂತೆ. ಅವಳ ಮಾತಿಗೆ ಅಡ್ಡಿ ಆಗಬಾರದು ಅಂತ ಕಂಪ್ಯೂಟರಿಗೆ ಒಂದು ಕಟ್ಟಪ್ಪಣೆ ಬರೆದ: ಈ ನಂಬರಿನ ಸಾಮಾನು ಏನು ಹೇಳಿದ್ರೂ ಕಿವಿಗೆ ಹಾಕ್ಕೋಬೇಡ. ಪ್ರತಿ ಸಾಮಾನಿಗೂ ಒಳಗೊಂದು ನಂಬರ್ ಇರುತ್ತಂತೆ. ಇವೆರಡೂ ಒಂದೇ ಕಡೆ ತಯಾರಾದ ಅಗ್ಗದ ಮಾಲು. ಮಿಷನ್ನಿಗೂ ಬಟನ್ನಿಗೂ ಒಂದೇ ನಂಬರು. ಬೆಳಿಗ್ಗೆ ಮಿಷನ್ ವಾಪಸ್ ಕೊಟ್ಟ. ಅಪ್ಪಣೆ ತೆಗೆಯೋದು ಮರೆತ.

ಅವಳು ಒತ್ತುತಾನೇ ಇದ್ದಳು. ಒಂಬತ್ತು ದಿನವೂ.

"ಯಾರೇ ಅಂಗಡಿಗೆ ಬರಲಿ," ಅಂದ, ಸಣ್ಣ ದನೀಲಿ. "ಮೊದಲು ಮಿಷನ್ ಮೇಲೆ ಅನುಮಾನ ಪಡ್ತೀನಿ, ಮನುಷ್ಯರ ಮೇಲಲ್ಲ. ಇವಳು ಹೌದು ಹೌದು ಅಂದ್ರೂ... ನಾನು ಮಿಷನ್ ನಂಬಿದೆ ಅಕ್ಕ. ಇವಳನ್ನ ನಂಬಲಿಲ್ಲ."

ನಾನಾದ್ರೂ ಅವಳ ಪಕ್ಕದಲ್ಲಿ ಕೂತು ಅ ಆ ಇ ಈ ಅಂತ ಒಂದೊಂದೇ ಹೇಳಿ, ರೆಪ್ಪೆ ನೋಡಿ ಕೇಳಬಹುದಿತ್ತಲ್ಲ. ಹೊಳೀಲೇ ಇಲ್ಲ. ಒಂದು ಗಂಟೆ ವಟವಟ ಅನ್ನೋಕೆ ಬರುತ್ತೆ ನನಗೆ.

ಅವನು ಆ ಸಾಲು ಅಳಿಸಿದ. ಬಟನ್ನನ್ನ ತಗೊಂಡು ಅವಳ ಕೈ ಇರ್ತಿದ್ದ ಜಾಗದಲ್ಲಿ, ಹಾಸಿಗೆ ಮೇಲೆ ಇಟ್ಟ. ಎರಡು ಕೈಯಲ್ಲೂ ತಲೆ ಹಿಡ್ಕೊಂಡು ನೆಲದ ಮೇಲೆ ಕೂತುಬಿಟ್ಟ. ನಾನು ಅವನ ಬೆನ್ನ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ: ಬಟನ್ ಹತ್ತಿರ ಯಾರ ಕೈಯೂ ಇರಲಿಲ್ಲ.

ಟಿಣ್.

ಚ ಸಾಲು ನಿಂತಿತು.

ಟಿಣ್. ಚ.

ಸಾಲುಗಳು ಮತ್ತೆ ಮೊದಲಿನಿಂದ ಇಳಿದ್ವು... ಅ... ಕ... ಚ... ಟ... ತ... ಪ... ಕೊನೇ ಸಾಲು. ಟಿಣ್. ಯ, ರ, ಲ, ವ... ಒಂದೊಂದೇ ದಾಟ್ತಾ ಹೋಯ್ತು... ಟಿಣ್. ಳ. ಆಮೇಲೆ ಗುಣಿತ. ಟಿಣ್.

"ಚಳಿ."

ಅಷ್ಟೇ. ಆಮೇಲೆ ಒಂದು ಸದ್ದೂ ಬರಲಿಲ್ಲ.

ಅವಳು ಮಲಗಿದ್ದ ಆ ಒಂಬತ್ತು ದಿನವೂ ಕೆಟ್ಟ ಸೆಕೆ. ಮೈಗೆ ಗಾಳಿ ಆಡಲಿ ಅಂತ ಇವನು ಟೇಬಲ್ ಫ್ಯಾನ್ ತಂದು, ಹಗಲೂ ರಾತ್ರಿ ಅವಳ ಮುಖಕ್ಕೇ ತಿರುಗಿಸಿ ಇಟ್ಟಿದ್ದ. ಸಾಯಂಕಾಲ ನಾನು ಹೋದಾಗ, ಪಾಪ ಬೆವರ್ತಾಳೇನೋ ಅಂತ ಒಂದರಿಂದ ಮೂರಕ್ಕೆ ಏರಿಸಿ ಬರ್ತಿದ್ದೆ. ಈ ಕೈಯಲ್ಲೇ ಏರಿಸಿದ್ದು. ಡಾಕ್ಟರನ್ನ ಆಮೇಲೆ ಕೇಳಿದೆ. ಎದೇಲಿ ಕಫ ಕಟ್ಟಿದ್ದು ಕಾಯಿಲೆಯ ಕೊನೆ ಹಂತ, ಫ್ಯಾನಿಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರು. ಇರಬಹುದು. ಆದರೆ ಚಳಿ ಆಗ್ತಿತ್ತಲ್ಲ ಅವಳಿಗೆ. ನಮ್ಮಿಬ್ಬರ ಕಣ್ಣೆದುರೇ ಆಗ್ತಿತ್ತಲ್ಲ.

ಅವನು ಕೂಗಲಿಲ್ಲ, ಎದೆ ಬಡ್ಕೊಳ್ಳಲಿಲ್ಲ. ಎದ್ದು ಹೋಗಿ ಆ ಬಟನ್ ಎತ್ತಿಕೊಂಡ. ಎತ್ತಿದವನೇ ಬೆಚ್ಚಿಬಿದ್ದು ನನ್ನ ಕಡೆ ಚಾಚಿದ. ಮುಟ್ಟಿದೆ. ಹೊರಗೆ ಬೆವರು ಕಿತ್ತುಕೊಂಡು ಬರೋ ರಾತ್ರಿ. ಬಟನ್ ಮಂಜುಗಡ್ಡೆ. ಮೇಲೆಲ್ಲಾ ಸಣ್ಣಸಣ್ಣ ನೀರಿನ ಹನಿ. ನನ್ನ ಕರ್ಚೀಫಲ್ಲಿ ಒರೆಸಿದೆ, ಮತ್ತೆ ಕೂತ್ವು.

ಅವನು ಅದನ್ನ ಎರಡು ಅಂಗೈ ಮಧ್ಯ ಮುಚ್ಚಿಕೊಂಡು, ಬಾಯಿಂದ ಹಾ ಅಂತ ಬಿಸಿ ಉಸಿರು ಬಿಡ್ತಾ, ಖಾಲಿ ಮಂಚದ ಪಕ್ಕ ಬೆಳಗಿನವರೆಗೂ ಕೂತ. ನಾನೂ ಅಲ್ಲೇ ಇದ್ದೆ. ನಂಬೋರು ನಂಬಿ, ಬಿಡೋರು ಬಿಡಿ, ನಡೆದದ್ದು ನಡೆದ ಹಾಗೇ ಹೇಳಿದೀನಿ. ಏಳು ಗಂಟೆಗೆ ಬಿಸಿಲು ಒಳಗೆ ಬಂದಮೇಲೆ ಅವನ ಕೈ ಬಿಡಿಸಿ ಬಟನ್ ಮುಟ್ಟಿ ನೋಡಿದೆ. ಬೆಚ್ಚಗಾಗಿರಲಿಲ್ಲ.