ಠಾಕುರ್ಲಿ ಹಳಿಯ ಲುಬಿಟೆಲ್

ಇದು ನಮ್ಮ ಚಾಳಿನ ಜಯಶೀಲನಿಗೆ ಆದದ್ದು. ತೊಂಬತ್ನಾಲ್ಕರ ಚಳಿಗಾಲ. ಸೆಕೆಂಡ್ ಶಿಫ್ಟ್ ಮುಗಿಸಿ ಡೊಂಬಿವಲಿಯಿಂದ ಠಾಕುರ್ಲಿಗೆ ರಾತ್ರಿ ರೈಲುಹಳಿಯ ಪಕ್ಕದ ದಾರಿಯಲ್ಲಿ ನಡೆದು ಬರುತ್ತಿದ್ದ. ಹಾಳುಬಾವಿಯ ಹತ್ತಿರ ಕೇಳಿಸಿತು... ಕರಕ್. ಕರಕ್. ಹಳಿಯ ಜಲ್ಲಿಯ ಮೇಲೆ ಯಾರದೋ ಹೆಜ್ಜೆ.

ಅವನು ನಿಂತ. ಅದೂ ನಿಂತಿತು.

ಯಾರೆಂದು ಅವನಿಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ?

ಮಳೆಗಾಲಕ್ಕೆ ಮೊದಲು ಗೆಳೆಯ ಕುಶಲನ ಕ್ಯಾಮೆರಾ ಕೇಳಿ ತಂದಿದ್ದ. ರಷ್ಯಾದ ಹಳೇ ಲುಬಿಟೆಲ್. ಒಂದರ ಮೇಲೊಂದು ಎರಡು ಕಣ್ಣು. ಎದೆಗೆ ಹಿಡಿದು ಮೇಲಿಂದ ಬಗ್ಗಿ ನೋಡಬೇಕು. ಒಮ್ಮೆ ಬಗ್ಗಿ ನೋಡಿದವನಿಗೆ ತಿರುಗಿ ಕೊಡಲು ಮನಸ್ಸೇ ಬರಲಿಲ್ಲ. "ಲೋಕಲ್‌ನ ಬಾಗಿಲಲ್ಲಿ ನಿಂತಿದ್ದೆ. ಬಾವಿಯ ಹತ್ತಿರ ಕೈಜಾರಿ ಬಿತ್ತು" ಅಂದುಬಿಟ್ಟ. ಕ್ಯಾಮೆರಾ ಅವನ ಟ್ರಂಕಿನಲ್ಲಿತ್ತು.

ಕುಶಲ ಬೈಯಲಿಲ್ಲ. "ಇರಲಿ ಮಾರಾಯ, ಹುಡುಕುವ" ಅಂದ. ಆ ರಾತ್ರಿಯೇ ಟಾರ್ಚ್ ಹಿಡಿದು ಒಬ್ಬನೇ ಹಳಿಗೆ ಇಳಿದ. ಫಾಸ್ಟ್ ಗಾಡಿ ಬಂದದ್ದು ತಿಳಿಯಲಿಲ್ಲ... ಮಸಣದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು ಜಯಶೀಲ. ನಿಜ ಮಾತ್ರ ಬಾಯಿಗೆ ಬರಲಿಲ್ಲ.

ಈಗ ಕತ್ತಲೊಳಗಿಂದ ಪಿಸುದನಿ.

"ಜಯಾ... ನೀನು ಮನೆಗೆ ಹೋಗು. ಚಳಿ ಉಂಟು. ನಾನು ಹುಡುಕ್ತೇನೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಓಡಿದ. ಟ್ರಂಕು ತೆರೆದ. ಕ್ಯಾಮೆರಾ ಹಿಡಿದು ಅದೇ ಉಸಿರಿನಲ್ಲಿ ಬಾವಿಗೆ ವಾಪಸು ಬಂದ.

"ಕುಶಲಾ... ಸಿಕ್ಕಿತು."

ಕರಕ್, ಕರಕ್, ಕರಕ್. ಬೇಗಬೇಗ ಹತ್ತಿರ ಬಂತು.

"ಹೌದಾ! ಎಲ್ಲಿ ಸಿಕ್ಕಿತು?"

ಆ ದನಿಯಲ್ಲಿ ಎಷ್ಟು ಖುಷಿ... ಇನ್ನೊಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ.

"ಕಳೆದೇ ಇರಲಿಲ್ಲ. ನಾನೇ ಇಟ್ಟುಕೊಂಡಿದ್ದೆ."

ಜೀರುಂಡೆಯ ಸದ್ದು ನಿಂತಿತು. ಆಮೇಲೆ ಹೆಜ್ಜೆ ಒಂದೊಂದೇ ದೂರವಾಯಿತು... ನಿಧಾನ, ದಣಿದವರ ಹಾಗೆ. ಜಯಶೀಲ ಕ್ಯಾಮೆರಾವನ್ನು ಬಾವಿಕಟ್ಟೆಯ ಮೇಲಿಟ್ಟು ಓಡಿಬಂದ.

ಬೆಳಕು ಹರಿಯುವಾಗ ಹೋಗಿ ನೋಡಿದರೆ ಅಲ್ಲೇ ಇತ್ತು. ಕಟ್ಟೆಯ ತುಂಬ ಇಬ್ಬನಿ, ಕ್ಯಾಮೆರಾ ತಣ್ಣಗಿತ್ತು. ಟವೆಲಿನಲ್ಲಿ ಸುತ್ತಿಕೊಂಡು, ಕಲ್ಯಾಣದಲ್ಲಿದ್ದ ಕುಶಲನ ಅಕ್ಕ ವೇದಾವತಿಯ ಮನೆಗೆ ಹೋದ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ.

ವೇದಕ್ಕ ಅಳಲಿಲ್ಲ.

"ಅವನು ನಿನ್ನನ್ನು ಬೈದನಾ?"

"ಇಲ್ಲ ಅಕ್ಕಾ."

"ಬೈಯಬೇಕಿತ್ತು."

ಕೈ ಚಾಚಿದರು. ಟವೆಲು ಬಿಚ್ಚಿ, ಕ್ಯಾಮೆರಾ ತೆಗೆದುಕೊಂಡು, ಥಟ್ಟನೆ ಅದನ್ನು ಸೆರಗಿನಲ್ಲಿ ಹಿಡಿದರು.

"ಇದ್ಯಾಕೆ ಇಷ್ಟು ಬಿಸಿ ಉಂಟು?"

ಜಯಶೀಲ ಮುಟ್ಟಿ ನೋಡಿದ. ಆ ಚಳಿಯಲ್ಲೂ ಅದು ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಕಟ್ಟುಕತೆ ಅನ್ನಬೇಡಿ. ವೇದಕ್ಕನ ಬಾಯಿಂದಲೇ ನಾನಿದನ್ನು ಕೇಳಿದ್ದೇನೆ. ಅಂದು ಮಧ್ಯಾಹ್ನದವರೆಗೂ ಅದು ಆರಲಿಲ್ಲವಂತೆ.