ಸೊಸೆಯ ರಕ್ತದ ವರದಿ

"ಏಳನೇತ್ತಕ್ಕ ಸಾಲಿ ಬಿಟ್ಟ ಡಾಕ್ಟರ್ ಬಂದಾನ ನೋಡ್ರಿ! ಗೋವಿನಜೋಳ ಮುರಿಯೋ ದಿನಾನ ಇವನ ತಂಗಿಗೆ ಹೊಟ್ಟಿ ಬ್ಯಾನಿ."

ಹಿರೇಕೆರೂರಿನ ಲ್ಯಾಬಿನ ಮುಂದೆ ಸಿದ್ದವ್ವ ಸೊಸೆಯ ಅಣ್ಣ ಬಸವೇಶನಿಗೆ ಹೀಗಂದಾಗ ಸರದಿಯಲ್ಲಿದ್ದವರು ನಕ್ಕರು. ಬೆಂಚಿನ ಮೇಲೆ ಮುದುಡಿ ಮಲಗಿದ್ದ ಸೊಸೆ ನೇತ್ರಾಳ ಕಾಲಲ್ಲಿ ಹೊಲದ ಮಣ್ಣು ಇನ್ನೂ ಹಸಿಯಾಗಿತ್ತು.

ಬಸವೇಶ ಅವುಡುಗಚ್ಚಿದ. "ಅಪೆಂಡಿಕ್ಸ್ ಇರಬಹುದ್ರಿ ಅತ್ತಿ."

"ಸೋಗು ಐತಿ, ಸೋಗು."

ಲ್ಯಾಬಿನ ತನುಜಾ ವರದಿ ಹಿಡಿದು ಹೊರಬಂದಳು. "ರಕ್ತದಾಗ ಬಿಳಿ ಕಣ ಮೂರು ಪಟ್ಟು ಏರ್ಯಾವ್ರಿ. ಒಳಗ ಬಾವು ಬಂದ್ರ ಹಿಂಗ ಏರತಾವ. ಏನರ ಕುಡಿಸೀರೇನು?"

"ಔಡಲೆಣ್ಣಿ. ಎರಡು ದಿನಾ ಕುಡಿಸೇನಿ, ಸೋಗು ಇಳೀಲಿ ಅಂತ."

"ಅಯ್ಯೋ, ಅಪೆಂಡಿಕ್ಸ್ ಇದ್ರ ಅದರಿಂದ ಒಡದ ಹೋಗತೈತ್ರಿ! ಈಗಿಂದೀಗ ಹಾವೇರಿಗೆ ಒಯ್ರಿ."

"ಹಾವೇರಿಗಾ? ಸಂಜೀಕ ಎಮ್ಮಿ ಯಾರು ಹಿಂಡಬೇಕು?"

ಬಸವೇಶ ತಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗಿಳಿದ.